ಮ್ಯುಸ್ಕಾದೆಗೂ ಹುಣಸೆಗೂ ಆಗಿಬರದು

ಫ್ರಾನ್ಸಿನ ನಾಂತ್‌ಗೆ ಬಂದು ತಿಂಗಳಾಗಿಲ್ಲ, ಶನಿವಾರ ಆಫೀಸಿನವರು ಊಟಕ್ಕೆ ಕರೆದಿದ್ದಾರೆ, ಇಲ್ಲಿನ ಬಿಳಿ ವೈನ್ ಮ್ಯುಸ್ಕಾದೆ ಒಯ್ಯಲೇ, ಮುಂದೆ ಅವರನ್ನು ನಮ್ಮ ಮನೆಗೆ ಕರೆದರೆ ಸಸ್ಯಾಹಾರದ ಜೊತೆ ಅದು ಹೊಂದುತ್ತದೆಯೇ ಅಂತ ಕೇಳಿದ್ದೀರಿ. ಒಯ್ಯಿರಿ. ಅಂದೇ ತೆರೆಯದಿದ್ದರೆ ಬೇಜಾರಾಗಬೇಡಿ, ಅಡುಗೆಗೆ ತಕ್ಕ ವೈನನ್ನು ಅವರು ಮೊದಲೇ ತಣ್ಣಗಿಟ್ಟಿರುತ್ತಾರೆ. ಇವತ್ತೇ ಒಂದು ಮಾತು ತಿಳಿಸಿಬಿಡಿ: "ನಿ ವಿಯಾಂದ್, ನಿ ಪ್ವಾಸ್ಸೊಂ", ಮಾಂಸವೂ ಬೇಡ, ಮೀನೂ ಬೇಡ. ಬರೀ ಸಸ್ಯಾಹಾರಿ ಅಂದರೆ ಮೀನು ತಿನ್ನುತ್ತೀರಿ ಅಂದುಕೊಳ್ಳುವವರು ಇಲ್ಲಿ ಇದ್ದಾರೆ. ಈ ವೈನಿಗಂತೂ ಆಯ್ಸ್ಟರ್, ನೀಲಿಕಲ್ಲುಗಳಂಥ ಕಡಲ ಚಿಪ್ಪುಜೀವಿಗಳೇ ಹುಟ್ಟುಜೋಡಿ.

ಹೆಸರು ಕೇಳಿ ಮಸ್ಕತ್ ದ್ರಾಕ್ಷಿಯ ಸಿಹಿ ವೈನ್ ಅಂದುಕೊಳ್ಳಬೇಡಿ. ಇದು ಮೆಲೊಂ ದ ಬೂರ್ಗೋಞ್ ತಳಿಯದು. 1709ರ ಭೀಕರ ಚಳಿಗೆ ಇಲ್ಲಿನ ಬಳ್ಳಿಗಳು ಸತ್ತ ಮೇಲೆ, ಚಳಿ ತಡೆಯುತ್ತದೆ ಅಂತ ಹಬ್ಬಿದ ತಳಿ. ಸಿಹಿ ಇಲ್ಲ, ಹುಳಿ ಚುರುಕು, ಕೊನೆಗೆ ನಾಲಗೆಯಲ್ಲಿ ಉಪ್ಪಿನ ನೆನಪು. ಆಲ್ಕೋಹಾಲ್ ಸುಮಾರು ಶೇ. 12.

ಲೇಬಲ್ ಮೇಲೆ "ಸೇವ್ರ್ ಎ ಮೇನ್" (ಈ ವೈನಿನ ಮುಖ್ಯ ಸೀಮೆಯ ಹೆಸರು) ಜೊತೆಗೆ "ಸ್ಯುರ್ ಲಿ" ಇರಲಿ. ಲಿ ಅಂದರೆ ಹುದುಗಿದ ಮೇಲೆ ತಳದಲ್ಲಿ ಕೂರುವ ಯೀಸ್ಟಿನ ಗಷ್ಟು. ಅದರ ಮೇಲೇ ಚಳಿಗಾಲ ಕಳೆದು, ಮಾರ್ಚ್ ನಂತರ ನೇರವಾಗಿ ಬಾಟಲಿಗೆ ಬರುತ್ತದೆ. ಹಾಗಾಗಿ ನಾಲಗೆಗೆ ಚುರುಗುಟ್ಟುವಷ್ಟು ಗ್ಯಾಸ್ ಉಳಿದಿರುತ್ತದೆ. ಕೆಟ್ಟಿದೆ ಅಂತ ಚೆಲ್ಲಬೇಡಿ. ಕ್ಲಿಸ್ಸೊಂ, ಗೋರ್ಜ್ ಎಂಬ ಊರುಗಳ ಹೆಸರು ಹೊತ್ತವು ಗಷ್ಟಿನ ಮೇಲೆ ಎರಡು ವರ್ಷ ಕೂತವು. ರುಚಿ ಗಟ್ಟಿ, ಬೆಲೆಯೂ ಹೆಚ್ಚು; ಮೊದಲ ಬಾಟಲಿಗೆ ಬೇಕಿಲ್ಲ.

ನಿಮಗೆ ಮುಖ್ಯವಾದದ್ದು ಇದು: ವೈನ್ ತಿಳಿಯಾಗಿಸಲು ಮೀನಿನ ಗಾಳಿಚೀಲದ ಅಂಟು, ಮೊಟ್ಟೆ ಬಿಳಿ, ಹಾಲಿನ ಕೇಸಿನ್ ಬಳಸುವುದುಂಟು. ಮೊಟ್ಟೆ, ಹಾಲಿನ ಅಂಶ ಉಳಿದಿದ್ದರೆ ಲೇಬಲ್ ಹೇಳಲೇಬೇಕು. ಮೀನಿನ ಅಂಟಿಗೆ ಆ ನಿಯಮವಿಲ್ಲ. "ವೇಗನ್" ಗುರುತು ನೋಡಿ ಕೊಳ್ಳುವುದೇ ಸುಲಭ. ಚೀಸಿಗೂ ಅಷ್ಟೇ: ಪ್ರೆಸ್ಯುರ್ ಅಂತ ಇದ್ದರೆ ಅದು ಕರುವಿನ ಹೊಟ್ಟೆಯ ಹೆಪ್ಪು.

ಮನೆಗೆ ಕರೆದಾಗ ನಾಂತ್ ಕಡೆಯದೇ ಆದ ಬೂರ್ ಬ್ಲಾಂ ಅನ್ನುವ ಬೆಣ್ಣೆ ಸಾಸ್ ಮಾಡಿ. ಇಲ್ಲಿ ಅದನ್ನು ಮೀನಿಗೆ ಹಾಕುತ್ತಾರೆ, ನೀವು ಹಬೆಯಲ್ಲಿ ಬೆಂದ ಲೀಕ್ (ದಪ್ಪ ಈರುಳ್ಳಿದಂಟಿನಂಥ ತರಕಾರಿ), ಆಲೂಗಡ್ಡೆಗೆ ಹಾಕಿ. ಮೂರು ಶಾಲಟ್ (ಸಾಂಬಾರ್ ಈರುಳ್ಳಿಯ ಅಕ್ಕ ಅನ್ನಿ) ಸಣ್ಣಗೆ ಹೆಚ್ಚಿ, 100 ಮಿ.ಲೀ. ಮ್ಯುಸ್ಕಾದೆ, 50 ಮಿ.ಲೀ. ವಿನೆಗರ್ ಜೊತೆ ಎರಡು ಚಮಚ ಉಳಿಯುವ ತನಕ ಬತ್ತಿಸಿ. ಅಲ್ಲಿಂದ ಉರಿ ತೀರಾ ಸಣ್ಣ. 150 ಗ್ರಾಂ ತಣ್ಣನೆ ಬೆಣ್ಣೆಯ ತುಂಡುಗಳನ್ನು ಎರಡೆರಡಾಗಿ ಹಾಕಿ ಕಡೆಯುತ್ತಿರಿ. ಕುದಿ ಬಂತೋ, ಬೆಣ್ಣೆ ಒಡೆದು ಎಣ್ಣೆ ಬೇರೆ, ನೀರು ಬೇರೆ. ಒಡೆದರೆ ಇನ್ನೊಂದು ಪಾತ್ರೆಯಲ್ಲಿ ಒಂದು ಚಮಚ ತಣ್ಣೀರು ಹಾಕಿ, ಒಡೆದದ್ದನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತಾ ಕಡೆಯಿರಿ. ಮಾಡಿದ ಕೂಡಲೇ ಬಡಿಸಿ, ಮತ್ತೆ ಬಿಸಿ ಮಾಡಲು ಆಗುವುದಿಲ್ಲ.

ನಮ್ಮ ಅಡುಗೆಯಲ್ಲಿ ಇದಕ್ಕೆ ಒಪ್ಪುವುದು ನಿಂಬೆ ಹಿಂಡಿದ ಹೆಸರುಬೇಳೆ ಕೋಸಂಬರಿ, ಬಿಸಿ ಬಜ್ಜಿ (ಎಣ್ಣೆಯ ಜಿಡ್ಡನ್ನು ವೈನಿನ ಹುಳಿ ತೊಳೆಯುತ್ತದೆ), ಕಾಯಿತುರಿ ಹಾಕಿದ ಬೀನ್ಸ್ ಪಲ್ಯ. ಬಿಸಿಬೇಳೆಬಾತ್, ಪುಳಿಯೋಗರೆ ಬೇಡ. ಹುಣಸೆ, ಬೆಲ್ಲ, ಖಾರ ಮೂರೂ ಸೇರಿದ ತುತ್ತಿನ ಮೇಲೆ ಈ ತೆಳು ವೈನ್ ನೀರು ಕುಡಿದಂತಾಗುತ್ತದೆ. ಮೆಣಸಿನಕಾಯಿ ಅರ್ಧಕ್ಕೆ ಇಳಿಸಿ.

ಬಡಿಸುವ ಹದ 8–10 ಡಿಗ್ರಿ. ಫ್ರಿಜ್‌ನಿಂದ ತೆಗೆದು ಹದಿನೈದು ನಿಮಿಷ ಹೊರಗಿಡಿ, ತೀರಾ ತಣ್ಣಗಿದ್ದರೆ ಬರೀ ಹುಳಿ ತಿಳಿಯುತ್ತದೆ. ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಎರಡು ದಿನ ಕುಡಿಯಬಹುದು, ಆಮೇಲೆ ಬೂರ್ ಬ್ಲಾಂಗೆ.