ಬ್ರಿಟನ್ನಿನ ಪಂಕ್ ರಾಕ್ ಬ್ಯಾಂಡ್ ದಿ ಕ್ಲ್ಯಾಶ್‌ನ ಬೇರೆ ಬೇರೆ ದೇಶದ ರೆಕಾರ್ಡುಗಳನ್ನು ಯಾಕೆ ಸಂಗ್ರಹಿಸುತ್ತಾರೆ? ಹಾಡು ಒಂದೇ ಅಲ್ವಾ?

ಒಂದೇ ಅಲ್ಲ, ಅದೇ ಮಜಾ. ಇವರ ಮೊದಲ ಆಲ್ಬಂ ಬ್ರಿಟನ್ನಿನಲ್ಲಿ 1977ರಲ್ಲೇ ಬಂತು. ಅಮೆರಿಕದಲ್ಲಿ ಬಂದದ್ದು 1979ರಲ್ಲಿ. ಅಷ್ಟರಲ್ಲಿ ಅಲ್ಲಿನ ಅಭಿಮಾನಿಗಳು ಬ್ರಿಟನ್ನಿನ ಪ್ರತಿಗಳನ್ನೇ ತರಿಸಿಕೊಂಡು ಕೇಳುತ್ತಿದ್ದರು. ಅಮೆರಿಕದ ಆವೃತ್ತಿಯಲ್ಲಿ ಕೆಲವು ಹಾಡು ತೆಗೆದು, ಬ್ರಿಟನ್ನಿನಲ್ಲಿ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಆಗಿದ್ದ 'ಕಂಪ್ಲೀಟ್ ಕಂಟ್ರೋಲ್'ನಂಥವನ್ನು ಸೇರಿಸಿದರು. ಶುರುವಿನ ಪ್ರತಿಗಳ ಜೊತೆ 'ಗ್ರೂವಿ ಟೈಮ್ಸ್' ಇರುವ 7 ಇಂಚಿನ ರೆಕಾರ್ಡ್ ಪುಕ್ಕಟೆ. ಹಳೇ ಪ್ರತಿ ಕೊಳ್ಳುವಾಗ ಅದು ಒಳಗಿದೆಯಾ ಅಂತ ನೋಡಿ, ಸುಮ್ನೆ ಕವರ್ ನಂಬಬೇಡಿ.

ಇನ್ನು 'ಕ್ಯಾಪಿಟಲ್ ರೇಡಿಯೋ' ಇಪಿ, ಅಂದರೆ ಆಲ್ಬಂಗಿಂತ ಚಿಕ್ಕ ರೆಕಾರ್ಡ್. 1977ರಲ್ಲಿ ಅದು ಅಂಗಡಿಗೇ ಬರಲಿಲ್ಲ. ಬ್ರಿಟನ್ನಿನ ಸಂಗೀತ ಪತ್ರಿಕೆ ಎನ್‌ಎಂಇಯ ಕೂಪನ್ನಿನ ಜೊತೆ ಮೊದಲ ಆಲ್ಬಂನ ಕೆಂಪು ಸ್ಟಿಕ್ಕರ್ ಕಳಿಸಿದವರಿಗೆ ಮಾತ್ರ ಅಂಚೆಯಲ್ಲಿ ಬಂತು. ಅದಕ್ಕೇ ನಕಲಿ ಕಾಟ ಜಾಸ್ತಿ.

ಅಸಲಿ ಗುರುತಿಸಲು ಲೇಬಲ್ ಸುತ್ತ ಹಾಡಿಲ್ಲದ ನುಣುಪು ಜಾಗ ನೋಡಿ. ಅಲ್ಲಿ ಕೆತ್ತಿದ ಮ್ಯಾಟ್ರಿಕ್ಸ್ ನಂಬರ್, ಅಂದರೆ ರೆಕಾರ್ಡನ್ನು ಯಾವ ಅಚ್ಚಿನಿಂದ ಒತ್ತಿದ್ದು ಅಂತ ಹೇಳುವ ಗುರುತು ಇರುತ್ತದೆ. ಜಪಾನಿನ ಪ್ರತಿಯಾದರೆ ಕವರಿಗೆ ಸುತ್ತಿದ 'ಓಬಿ' ಎಂಬ ಕಾಗದದ ಪಟ್ಟಿ ಇರಬೇಕು. ಅದಿಲ್ಲದಿದ್ದರೆ ಬೆಲೆ ಇಳಿಯುತ್ತದೆ. ಬರೀ ಕೇಳೋಕೆ ಬೇಕಿದ್ದರೆ ಇದೆಲ್ಲ ಬಿಡಿ, ಮರುಮುದ್ರಣ ಸಾಕು.