ಸಿಸೇರಿಯನ್ ಆಗಿ 5 ದಿನ, ಎದೆಹಾಲು ಸಾಲ್ತಿಲ್ಲ. ಯಾವ ಪುಡಿಹಾಲು ಕೊಡೋದು ಒಳ್ಳೆಯದು?

ಎದೆ ಮೆತ್ತಗಿದೆ, ಪಂಪ್ ಹಾಕಿದರೆ ಬಾಟ್ಲಿಯ ತಳ ಮುಚ್ಚುವಷ್ಟೂ ಬರಲ್ಲ, ಸಂಜೆಯಾದರೆ ಕೂಸು ಚೀರುತ್ತೆ, ಅತ್ತೆಯವರು ಡಬ್ಬ ತರಿಸು ಅಂತಿದ್ದಾರೆ. ಇಷ್ಟೇ ಅಲ್ವಾ ನೀವು ಬರೆದಿರೋದು? ಮೊದಲ ಬಾಣಂತನದಲ್ಲಿ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ ಕೂತು ನಾನೂ ನಡುರಾತ್ರಿ ಫೋನಲ್ಲಿ ಇದನ್ನೇ ಹುಡುಕುತ್ತಿದ್ದೆ. ಯಾವ ಪುಡಿ ಅನ್ನೋದು ಆಮೇಲಿನ ಮಾತು. ನೀವು ಹೇಳಿದ ನಾಲ್ಕರಲ್ಲಿ ಒಂದೂ ಹಾಲು ಕಡಿಮೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ಉಚ್ಚೆ ಎಷ್ಟು ಸಲ ಹೊಯ್ದಿದೆ, ಕಕ್ಕ ಯಾವ ಬಣ್ಣಕ್ಕಿದೆ, ತೂಕ ಎಷ್ಟಿದೆ, ಇವು ಸಾಕ್ಷಿ. ಇವನ್ನ ನೀವು ಬರೆದೇ ಇಲ್ಲ.

ನನ್ನ ತವರು ದಾವಣಗೆರೆ ತಾಲ್ಲೂಕು, ಆನಗೋಡಿನ ಹತ್ತಿರ. ಗಂಡನ ಮನೆ ಜಗಳೂರು ಕಡೆ. ಎರಡೂ ಕಡೆ ಬೋರ್‌ವೆಲ್ ನಂಬಿ ಬದುಕೋ ಜನ. ನಮ್ಮ ತೋಟದ ಬೋರು ಅರ್ಧ ತಾಸು ಓಡಿದರೆ ಗಾಳಿ ಉಗುಳುತ್ತಿತ್ತು. ಆಗ ಅಪ್ಪ ಮೋಟಾರ್ ಆಫ್ ಮಾಡಿ "ನೀರು ಕೂಡ್ಲಿ ಬಿಡು" ಅಂತ ಬೇವಿನ ಮರದ ಕೆಳಗೆ ಕೂರೋರು. ಒಂದೆರಡು ತಾಸು ಬಿಟ್ಟು ಆನ್ ಮಾಡಿದರೆ ಮತ್ತೆ ಒಂದಿಷ್ಟು ಬರೋದು. ಇದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, ನನ್ನ ಕೂಸಿನ ವಿಷಯದಲ್ಲಿ ನಾನು ನಡೆದುಕೊಂಡಿದ್ದು ಹೀಗೇ.

ಸಿಸೇರಿಯನ್ ಆದ ಮಾರನೇ ರಾತ್ರಿ ಮಗಳು ಬಿಡದೆ ಅತ್ತಳು. ನರ್ಸಿಂಗ್ ಹೋಮಿನ ಆಯಾ ಒಬ್ಬಳು ಪುಡಿಹಾಲು ಕಲಸಿ ಬಾಟ್ಲಿಯಲ್ಲಿ ಕುಡಿಸಿದಳು, ಕೂಸು ಮಲಗಿತು, ನಾವೂ ಮಲಗಿದೆವು. ಅಲ್ಲಿಗೆ ಮನೆಯವರಿಗೆಲ್ಲ ಒಂದು ತೀರ್ಮಾನ ಆಗಿಹೋಯಿತು: ಇವಳಿಗೆ ಹಾಲಿಲ್ಲ. ಮೊದಲ ದಿನ ಕೂಸಿನ ಹೊಟ್ಟೆ ಹಿಡಿಯೋದೇ ಒಂದು ಸಲಕ್ಕೆ ಒಂದು ಟೀ ಚಮಚದಷ್ಟು, ಆಗ ಬರೋ ಆ ಹಳದಿ ಗಿಣ್ಣುಹಾಲು ಅಷ್ಟೇ ಇರಬೇಕಾದ್ದು, ಹಾಲು ಜಾಸ್ತಿಯಾಗಿ ಇಳಿಯೋದು ಎರಡರಿಂದ ನಾಲ್ಕು ದಿನಕ್ಕೆ, ಸಿಸೇರಿಯನ್ ಆದರೆ ಇನ್ನೂ ಸ್ವಲ್ಪ ತಡ ಆಗಬಹುದು. ಇದನ್ನ ಒಬ್ಬರೂ ಹೇಳಲಿಲ್ಲ.

ಮನೆಗೆ ಬಂದ ಮೇಲೆ ನಾನೇ ಒಂದು ಲೆಕ್ಕ ಹಾಕಿದೆ. ರಾತ್ರಿ ಪೂರ್ತಿ ಬಾಟ್ಲಿ ಕೊಡೋಣ, ನನ್ನ ಹಾಲು ಬೆಳಗಿನವರೆಗೆ ಕೂಡಲಿ, ಎದೆ ತುಂಬಿದ ಮೇಲೆ ಹೊಟ್ಟೆ ತುಂಬ ಕುಡಿಸೋಣ. ಹಗಲೂ ಅಷ್ಟೇ, ಎದೆ ಮೆತ್ತಗಿದ್ದರೆ "ಇನ್ನೂ ಕೂಡಿಲ್ಲ" ಅಂತ ಮುಂದೂಡೋದು. ನಿಜ ಹೇಳಬೇಕೆಂದರೆ ಮೊದಮೊದಲು ಈ ಲೆಕ್ಕ ಸರಿ ಅಂತಲೇ ಕಾಣಿಸಿತು. ಬೆಳಿಗ್ಗೆ ಎದ್ದರೆ ಎದೆ ಕಲ್ಲು, ರವಿಕೆ ಒದ್ದೆ, ಅವ್ವನ ಮುಖದಲ್ಲಿ ಸಮಾಧಾನ. ಆದರೆ ಕೂಸಿಗೆ ಬಾಯಿ ಹಾಕೋಕೇ ಆಗ್ತಿರಲಿಲ್ಲ. ಹಾಲು ಕಟ್ಟಿ ಬಿಗಿದ ಎದೆಯಲ್ಲಿ ತೊಟ್ಟು ಚಪ್ಪಟೆಯಾಗಿಬಿಡುತ್ತೆ, ಹಿಡಿತ ಸಿಗಲ್ಲ. ಅದು ಜಾರಿ ಜಾರಿ ಅಳೋದು, ನಾವು ಮತ್ತೆ ಬಾಟ್ಲಿ ತರೋದು. ಹೀಗೇ ಕೆಲವು ದಿನ ಹೋಗಿದ್ದೇ, ಬೆಳಿಗ್ಗೆ ಎದೆ ತುಂಬೋದೂ ನಿಂತಿತು.

ಇದನ್ನ ಎಷ್ಟು ಬಿಡಿಸಿ ಹೇಳಿದರೂ ನನಗೆ ಸಾಲದು. ಎದೆ ಬೋರ್‌ವೆಲ್ ಅಲ್ಲ. ಬೋರಲ್ಲಿ ಎತ್ತಿದಷ್ಟೂ ಕಡಿಮೆಯಾಗುತ್ತೆ, ಬಿಟ್ಟಷ್ಟು ಕೂಡುತ್ತೆ. ಎದೆಯಲ್ಲಿ ಪೂರ್ತಿ ಉಲ್ಟಾ. ಹಾಲು ಒಳಗೇ ತುಂಬಿ ನಿಂತರೆ ಆ ನಿಂತ ಹಾಲೇ "ಇನ್ನು ಸಾಕು, ನಿಲ್ಲಿಸು" ಅಂತ ಮೈಗೆ ಹೇಳುತ್ತೆ. ಖಾಲಿಯಾದರೆ ಮಾತ್ರ ಬೇಗ ಬೇಗ ತಯಾರಾಗುತ್ತೆ. ಕೂಸು ಚೀಪಿದಾಗ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು ಏರುತ್ತೆ, ಹಾಲು ಮಾಡೋದು ಅದು. ಅದು ಹೆಚ್ಚು ಏರೋದು ರಾತ್ರಿ ಹೊತ್ತಲ್ಲಿ. ಅಂದರೆ ನಾನು ಹಾಲು ಉಳಿಸೋಕೆ ಅಂತ ಆರಿಸಿಕೊಂಡ ಹೊತ್ತು, ಹಾಲು ಹುಟ್ಟೋ ಹೊತ್ತು. ಕುಡಿಸದೆ ಬಿಟ್ಟ ಒಂದೊಂದು ರಾತ್ರಿಯೂ ನಾಳೆಯ ಹಾಲಿಗೆ ಬಿದ್ದ ಕತ್ತರಿ. ಎದೆ ಮೆತ್ತಗಿದ್ದರೂ ಹಾಲು ಇರುತ್ತೆ. ಕೂಸು ಚೀಪುತ್ತಿರುವಾಗಲೇ ಹೊಸದು ಆಗುತ್ತಿರುತ್ತೆ. ಕೆಲವು ವಾರ ಕಳೆದ ಮೇಲಂತೂ ಚೆನ್ನಾಗಿ ಹಾಲಿರೋ ತಾಯಂದಿರ ಎದೆಯೂ ಮೆತ್ತಗೇ ಇರುತ್ತೆ, ಕೂಸಿಗೂ ಮೈಗೂ ಹೊಂದಾಣಿಕೆ ಆಯ್ತು ಅಂತ ಅದರರ್ಥ.

ಪಂಪಿನ ಅಳತೆಯೂ ಬಿಡಿ. ಯಂತ್ರಕ್ಕೆ ಬಾರದ ಹಾಲು ಕೂಸಿಗೆ ಬರುತ್ತೆ. ಅಳು, ಬಾಗಿಲಾಚೆ ಮಂಡಕ್ಕಿ ಮೆಣಸಿನಕಾಯಿ ತಿಂತಾ "ಹಾಲು ಬರ್ತಾ ಐತೇನವ್ವ" ಅಂತ ಕೂಗೋ ನೆಂಟರು, ಇವರ ನಡುವೆ ಕೂತು ಪಂಪ್ ಒತ್ತಿದರೆ ಯಾರಿಗೂ ಬರಲ್ಲ. ಮನಸ್ಸು ಬಿಗಿಯಾದರೆ ಹಾಲು ಇಳಿಯೋದು ತಡವಾಗುತ್ತೆ.

ನಮ್ಮನ್ನ ದಾರಿಗೆ ತಂದಿದ್ದು ಊರಿನ ಆಶಾ ಕಾರ್ಯಕರ್ತೆ. ಹೆರಿಗೆಯಾದ ಮನೆಗೆ 42ನೇ ದಿನದವರೆಗೆ ಅವರು ಆಗಾಗ ಬಂದು ಕೂಸನ್ನ ನೋಡಬೇಕು, ಅದು ಅವರ ಕೆಲಸ. ಜೋಲಿ ತಕ್ಕಡಿಯಲ್ಲಿ ಮಗಳನ್ನ ಹಾಕಿ ಎತ್ತಿದರು. ಎರಡು ವಾರ ತುಂಬಿದ್ದರೂ ಹುಟ್ಟಿದ ತೂಕ ಇನ್ನೂ ಮುಟ್ಟಿರಲಿಲ್ಲ. ಮೊದಲ ದಿನಗಳಲ್ಲಿ ಕೂಸು ಸ್ವಲ್ಪ ಇಳಿಯೋದು ಸಹಜ, ನೂರಕ್ಕೆ 7ರವರೆಗೆ ಇಳಿದರೆ ಯಾರೂ ಹೆದರಲ್ಲ, 10 ದಾಟಿದರೆ ಡಾಕ್ಟರು ನೋಡಲೇಬೇಕು. 10ರಿಂದ 14 ದಿನದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಬಾಟ್ಲಿ ಕೊಟ್ಟರೂ ನಮ್ಮ ಕೂಸು ಯಾಕೆ ಏರಿಲ್ಲ ಅಂತ ಆಮೇಲೆ ತಿಳಿಯಿತು: ಗಟ್ಟಿ ಹಾಲು ಅರಗಲ್ಲ ಅಂತ ಅವ್ವ ಡಬ್ಬದ ಅಳತೆಗಿಂತ ನೀರು ಜಾಸ್ತಿ ಹಾಕ್ತಿದ್ದಳು.

ಆಶಾ ಅಕ್ಕ ಬೈಯಲಿಲ್ಲ. "ನಾನು ಇಲ್ಲೇ ಕುಂತಿರ್ತೀನಿ, ನೀನು ಕುಡಿಸವ್ವ, ನೋಡಾಣ" ಅಂದರು. ಆಸ್ಪತ್ರೆಯಲ್ಲಿ ಒಬ್ಬರೂ ಇದನ್ನ ಮಾಡಿರಲಿಲ್ಲ. ಕುಡಿಸಮ್ಮ ಅಂತ ಹೇಳಿ ಪರದೆ ಎಳೆದು ಹೋಗೋರೇ ಎಲ್ಲ. ಕೂಸು ಬಾಯಿ ಹಾಕಿದ ಕೂಡಲೇ ನನ್ನ ಕಾಲ್ಬೆರಳು ಮುದುರಿದ್ದನ್ನ ಅವರು ನೋಡಿದರು. ಮಗಳ ಕೆನ್ನೆ ಒಳಗೆ ಗುಳಿ ಬೀಳ್ತಿತ್ತು, ಚಪ್ ಚಪ್ ಸದ್ದು ಬರ್ತಿತ್ತು, ಗುಟುಕು ಇಳಿಯೋ ಸದ್ದು ಇರಲಿಲ್ಲ. ಬಾಯಿ ಬಿಡಿಸಿದಾಗ ತೊಟ್ಟು ಒಂದು ಕಡೆ ಓರೆಯಾಗಿ ಒತ್ತಿಹೋಗಿತ್ತು, ತುದಿಯಲ್ಲಿ ಬಿಳಿ ಗೆರೆ. "ಅದು ತೊಟ್ಟು ಚೀಪ್ತಾ ಐತೆ, ಹಾಲು ಕುಡೀತಿಲ್ಲ" ಅಂದರು.

ಆಮೇಲೆ ಮಾಡಿಸಿದ್ದು ಇಷ್ಟು. ಬೆನ್ನಿಗೆ ದಿಂಬು ಕೊಟ್ಟು ನನ್ನನ್ನ ಒರಗಿಸಿದರು. ಹೊಲಿಗೆಗೆ ಒತ್ತದ ಹಾಗೆ ಕೂಸನ್ನ ಕಂಕುಳ ಕೆಳಗೆ, ಕಾಲು ನನ್ನ ಬೆನ್ನ ಕಡೆಗೆ ಬರೋ ಹಾಗೆ ಇಟ್ಟರು. ತಲೆ ಹಿಡಿದು ಒತ್ತಬೇಡ, ಕುತ್ತಿಗೆ ಹೆಗಲಿಗೆ ಅಂಗೈ ಕೊಡು ಅಂದರು. ತೊಟ್ಟನ್ನ ಬಾಯಿಗಲ್ಲ, ಮೂಗಿನ ನೇರಕ್ಕೆ ಹಿಡಿದು ಮೇಲ್ತುಟಿಗೆ ಸವರಬೇಕು. ಕೂಸು ತಲೆ ಸ್ವಲ್ಪ ಹಿಂದಕ್ಕೆ ಮಾಡಿ ಆಕಳಿಸೋ ಹಾಗೆ ದೊಡ್ಡದಾಗಿ ಬಾಯಿ ತೆಗೆಯುತ್ತೆ, ಅಲ್ಲಿವರೆಗೆ ಕಾಯಬೇಕು, ತೆಗೆದ ತಕ್ಷಣ ಕೂಸನ್ನ ಎದೆಗೆ ತರಬೇಕು. ಎದೆಯನ್ನ ಕೂಸಿನ ಬಾಯಿಗೆ ತುರುಕೋಕೆ ಬಗ್ಗಿದರೆ ಬೆನ್ನೂ ಹೋಗುತ್ತೆ, ಹಿಡಿತವೂ ಹೋಗುತ್ತೆ. ಗದ್ದ ಎದೆಗೆ ಒತ್ತಿರಬೇಕು, ಮೂಗು ಬಿಡುವಾಗಿರಬೇಕು, ಕೆಳತುಟಿ ಹೊರಗೆ ಮಡಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲುಗಡೆ ಕಂಡರೂ ಕೆಳಗಡೆ ಹೆಚ್ಚೂಕಡಿಮೆ ಬಾಯೊಳಗೇ ಹೋಗಿರಬೇಕು. ನೋವಾದರೆ ಹಲ್ಲು ಕಚ್ಚಿ ತಡೆಯೋದಲ್ಲ. ಬಾಯಿಯ ಮೂಲೆಗೆ ಕಿರುಬೆರಳು ಹಾಕಿ ಬಿಡಿಸಿ ಮತ್ತೆ ಹಿಡಿಸೋದು. ಸರಿಯಾಗಿ ಹಿಡಿದಾಗ ಚೀಪೋದು ಮೊದಲು ಬಿರುಸಾಗಿರುತ್ತೆ, ಆಮೇಲೆ ನಿಧಾನಕ್ಕೆ, ಆಳಕ್ಕೆ ಇಳಿಯುತ್ತೆ, ನಡುನಡುವೆ ಗುಟುಕು ಕೇಳಿಸುತ್ತೆ.

ಪೂರ್ತಿ ಎದೆಹಾಲಿಗೆ ಬರೋಕೆ ವಾರಗಳೇ ಹಿಡಿದವು. ಬಾಟ್ಲಿಯನ್ನ ಮೊದಲ ದಿನವೇ ಎತ್ತಿ ಅಟ್ಟಕ್ಕೆ ಹಾಕಿದೆವು. ಮೇಲುಹಾಲನ್ನ ಒಂದೇ ಸಲಕ್ಕೆ ನಿಲ್ಲಿಸಲಿಲ್ಲ, ಹಾಗೆ ನಿಲ್ಲಿಸಲೂಬಾರದು. ಡಬ್ಬದಲ್ಲಿ ಹೇಳಿದ ಅಳತೆಗೇ ಕಲಸಿ, ಮೊದಲು ಎರಡೂ ಎದೆ ಕುಡಿಸಿ, ಆಮೇಲೆ ಬೇಕಾದಷ್ಟು ಮಾತ್ರ ಒಳಲೆಯಲ್ಲಿ, ಅಂದರೆ ಕೂಸಿಗೆ ಹಾಲು ಕುಡಿಸೋ ಮೂತಿಯ ಪುಟ್ಟ ಬಟ್ಟಲಲ್ಲಿ. ಒಳಲೆ ಕುದಿಸಿ ತೊಳೆಯೋದು ಸುಲಭ, ಕೂಸು ಬಾಟ್ಲಿಯ ರಬ್ಬರ್ ರುಚಿಗೂ ಬೀಳಲ್ಲ. ಕುಡಿಸಿ ಆದ ಮೇಲೆ ಕೈಯಲ್ಲಿ ಹಿಂಡಿ ತೆಗೆದ ನನ್ನ ಹಾಲು, ಎರಡು ಚಮಚವಾದರೂ ಸರಿ, ಅದೇ ಒಳಲೆಗೆ ಮೊದಲು ಹೋಗೋದು. ತೂಕ ಏರಿದ ಹಾಗೆ ಪುಡಿ ಇಳಿಸಿದೆವು. ರಾತ್ರಿ ಕೂಸು ನನ್ನ ಮಂಚದ ಪಕ್ಕಕ್ಕೇ ಬಂತು.

ಈಗ ನಿಮ್ಮ ವಿಷಯ. 24 ತಾಸಿಗೆ 8ರಿಂದ 12 ಸಲ ಕುಡಿಸಿ, ಗಡಿಯಾರ ನೋಡಿ ಅಲ್ಲ, ಕೂಸು ಬಾಯಿ ತಡಕಾಡೋದು, ಕೈ ಚೀಪೋದು ನೋಡಿ. ಅಳು ಬರೋದು ಕೊನೆಗೆ. ಅಳೋ ಕೂಸಿಗೆ ಹಿಡಿಸೋದೂ ಕಷ್ಟ. ಸಂಜೆ ಮೇಲಿಂದ ಮೇಲೆ ಕೇಳಿದರೆ ಮೇಲಿಂದ ಮೇಲೆ ಕೊಡಿ. ತುಂಬ ಕೂಸುಗಳು ಸಂಜೆ ಹೊತ್ತು ಹಾಗೇ ಮಾಡೋದು, ನಾಳೆಯ ಹಾಲಿಗೆ ಅದು ಹಾಕೋ ಆರ್ಡರ್ ಅಂದುಕೊಳ್ಳಿ. ತುಂಬ ನಿದ್ದೆ ಮಾಡೋ ಕೂಸಾದರೆ ಮೂರು ತಾಸಿಗೊಮ್ಮೆ ಎಬ್ಬಿಸಿ, ಬಟ್ಟೆ ಬಿಚ್ಚಿ ನಿಮ್ಮ ಬರೀ ಎದೆಯ ಮೇಲೆ ಮಲಗಿಸಿಕೊಳ್ಳಿ.

ಡೈಪರ್ ತೆಗೆದು ಹಳೇ ಸೀರೆಯ ತುಂಡು ಕಟ್ಟಿ, ಲೆಕ್ಕ ಗೊತ್ತಾಗುತ್ತೆ. 5ನೇ ದಿನಕ್ಕೆ ಐದಾರು ಸಲವಾದರೂ ಉಚ್ಚೆ ಹೊಯ್ಯಬೇಕು, ಆರನೇ ದಿನದಿಂದ ಆರಕ್ಕೆ ಕಡಿಮೆ ಇರಬಾರದು, ಬಣ್ಣ ತಿಳಿಯಾಗಿರಬೇಕು. ಕಕ್ಕ ಕಪ್ಪು, ಹಸಿರು ದಾಟಿ ಹಳದಿಗೆ ತಿರುಗಿರಬೇಕು. ಇಷ್ಟಿದ್ದು ತೂಕವೂ ಸರಿ ಇದ್ದರೆ ನಿಮಗೆ ಯಾವ ಪುಡಿಯೂ ಬೇಡ. ಆ ಡಬ್ಬದ ಮೇಲೇ ತಾಯಿಹಾಲೇ ಶ್ರೇಷ್ಠ ಅಂತ ಬರೆದಿರುತ್ತೆ, ಬರೀಲೇಬೇಕು ಅಂತ 1992ರ ಕಾನೂನಿದೆ. ಕೂಸಿನ ಚಿತ್ರ ಹಾಕೋಕೂ ಅದು ಬಿಡಲ್ಲ. ಅತ್ತೆಯವರಿಗೆ ಓದಿ ಹೇಳಿ.

ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ, ಮೆಂತ್ಯ, ಅಂಟಿನುಂಡೆ ಎಲ್ಲ ತಿನ್ನಿ, ರುಚಿಯಾಗಿರುತ್ತೆ, ಬಾಣಂತಿಗೆ ಊಟ ಬೇಕೇ ಬೇಕು. ಅದರಿಂದಲೇ ಹಾಲು ಉಕ್ಕುತ್ತೆ ಅಂತ ಕೂಸಿಗೆ ಕುಡಿಸೋದು ತಪ್ಪಿಸಬೇಡಿ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತೆ ಅನ್ನೋ ಮಾತು ಮಾತ್ರ ಕೇಳಬೇಡಿ, ಬಾಯಾರಿದಾಗೆಲ್ಲ ಕುಡಿಯಿರಿ. ಕೂಸಿಗೆ ಆರು ತಿಂಗಳು ನೀರೂ ಬೇಡ, ಸಕ್ಕರೆ ನೀರೂ ಬೇಡ, ಬಜೆ ತೇಯ್ದು ನೆಕ್ಕಿಸೋದೂ ಬೇಡ. ಜೇನುತುಪ್ಪ ಒಂದು ವರ್ಷ ತುಂಬುವವರೆಗೆ ಮುಟ್ಟಿಸಲೇಬೇಡಿ. ಈ ವಿಷಯದಲ್ಲಿ ಅಜ್ಜಿ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಬಟ್ಟೆ ಒದ್ದೆಯಾಗೋದು ಕಡಿಮೆ ಇದ್ದರೆ, ಉಚ್ಚೆ ಗಾಢವಾಗಿದ್ದರೆ ಅಥವಾ ಇಟ್ಟಿಗೆ ಬಣ್ಣದ ಕಲೆ ಈಗಲೂ ಕಾಣ್ತಿದ್ದರೆ, ಕೂಸು ಎಬ್ಬಿಸಿದರೂ ಏಳದೆ ಸೋತು ಮಲಗಿದರೆ, ಕಣ್ಣು ಮೈ ಹಳದಿ ಏರುತ್ತಿದ್ದರೆ, ಇವತ್ತೇ ಹತ್ತಿರದ ಆಸ್ಪತ್ರೆಗೆ, ದಾವಣಗೆರೆ ಕಡೆಯವರಾದರೆ ಸಿ.ಜಿ. ಆಸ್ಪತ್ರೆಗೋ (ಜಿಲ್ಲಾ ಆಸ್ಪತ್ರೆ) ಬಾಪೂಜಿ ಮಕ್ಕಳ ಆಸ್ಪತ್ರೆಗೋ ಹೋಗಿ. ಆಗ ಡಾಕ್ಟರು ಮೇಲುಹಾಲು ಬರೆದರೆ ಒಂದು ಮಾತೂ ಆಡದೆ ಕೊಡಿ, ಹಸಿದ ಕೂಸಿನ ಮುಂದೆ ಹಟ ಬೇಡ. ಯಾವ ಪುಡಿ, ಎಷ್ಟು ಅಂತ ಅವರೇ ತೂಕ ನೋಡಿ ಹೇಳ್ತಾರೆ. ನಿಮಗೇ ಜ್ವರ ಬಂದು ಎದೆಯ ಒಂದು ಕಡೆ ಕೆಂಪಾಗಿ ಗಟ್ಟಿಯಾದರೆ ಆ ಕಡೆ ಕುಡಿಸೋದು ನಿಲ್ಲಿಸದೆ ಡಾಕ್ಟರಿಗೆ ತೋರಿಸಿ.

ಇವತ್ತು ರಾತ್ರಿ ಬಾಟ್ಲಿ ಬೇಡ, ಎದೆಗೇ ಹಾಕಿಕೊಳ್ಳಿ. ಹೊಲಿಗೆ ನೋಯ್ತಿದ್ದರೆ ಮಗ್ಗುಲಾಗಿ ಮಲಗಿಯೇ ಕುಡಿಸಿ, ಕೂಸನ್ನ ಎತ್ತಿಕೊಡೋಕೆ ಗಂಡನನ್ನ ಎಬ್ಬಿಸಿ. ನಾಳೆ ಎಷ್ಟು ಬಟ್ಟೆ ಒದ್ದೆಯಾಯ್ತು, ತೂಕ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ. ಲೆಕ್ಕ ಕಡಿಮೆ ಬಂದರೆ ನನಗೆ ಬರೆಯೋಕೆ ಕೂರಬೇಡಿ, ಮೊದಲು ಆಟೋ ಕರೆಸಿ.