ಬಾಯಮ್ಮನಿಗೊಂದು ಪ್ರಶ್ನೆ: ಬುತ್ತಿಗೆ ಚಿಕನ್–ಬೇಕನ್ ರ‍್ಯಾಪ್

ಬಾಯಮ್ಮಾ, ಪಿಯುಸಿ ಓದುವ ಮಗನಿಗೆ ಅನ್ನ–ಸಾರಿನ ಬುತ್ತಿ ಬೇಡವಂತೆ. ಕೋಳಿ, ಬೇಕನ್ ಹಾಕಿದ ರ‍್ಯಾಪೇ ಆಗಬೇಕಂತೆ. ಮಾಡಿ ಕಳಿಸಿದರೆ ಮಧ್ಯಾಹ್ನಕ್ಕೆ ಚಪಾತಿ ಒದ್ದೆಯಾಗಿ ಹರಿದು ಎಲ್ಲ ಡಬ್ಬಿಗೆ ಬೀಳುತ್ತದೆ, ಸಾಲದ್ದಕ್ಕೆ ಉಪ್ಪೋ ಉಪ್ಪು ಎನ್ನುತ್ತಾನೆ. ನಾನು ಎಂಟು ಗಂಟೆಗೆ ಬಸ್ಸು ಹಿಡಿಯುವವಳು. ಸುಲಭದ ದಾರಿ ಹೇಳಿ.
– ಓದುಗರು, ಕುಲಶೇಖರ

ಉಪ್ಪಿನದ್ದು ಮೊದಲು ಮುಗಿಸುವ. ಹಂದಿಯ ಹೊಟ್ಟೆ ಭಾಗದ ಮಾಂಸವನ್ನು ಉಪ್ಪು, ನೈಟ್ರೈಟ್ ಹಾಕಿ ಹದ ಮಾಡಿ, ಹೊಗೆ ಕೊಟ್ಟದ್ದೇ ಬೇಕನ್. ಉಪ್ಪು ಅದರಲ್ಲೇ ಧಾರಾಳ ಉಂಟು. ಕೋಳಿಗೆ ಒಂದು ಚಿಟಿಕೆಯೂ ಹಾಕಬೇಡಿ. ಕರಿಮೆಣಸು, ಜಜ್ಜಿದ ಬೆಳ್ಳುಳ್ಳಿ, ಲಿಂಬೆರಸ, ನಮ್ಮ ಮಂಗಳೂರು ಕಡೆಯ ಮಸಾಲೆಯಾದ ಬಫಾತ್ ಪುಡಿ ಅರ್ಧ ಚಮಚ ಸಾಕು. ಬಫಾತ್ ಪುಡಿ ಯಾಕೆ ಎಂದು ಮಗ ಕೇಳಿದರೆ ತಿಂದು ನೋಡು ಎನ್ನಿ. ಬರೀ ಕರಿಮೆಣಸು ಹಾಕಿದ ಕೋಳಿ ಆಸ್ಪತ್ರೆಯ ಊಟದ ಹಾಗಿರುತ್ತದೆ.

ಇನ್ನು ಒದ್ದೆಯಾಗುವ ವಿಷಯ. ನಮ್ಮ ಊರಿನಲ್ಲಿ ರ‍್ಯಾಪ್ ಕೆಡುವುದೆಲ್ಲ ನೀರಿನಿಂದಲೇ. ಬಿಸಿ ಕೋಳಿಯಿಂದ ಏಳುವ ಹಬೆ, ಟೊಮೆಟೊದ ರಸ, ಸೌತೆಕಾಯಿಯ ತಿರುಳು, ತೆಳ್ಳಗಿನ ಸಾಸು, ಇಷ್ಟೂ ಸೇರಿದ ಮೇಲೆ ಚಪಾತಿ ತಾಳೀತು ಹೇಗೆ? ನೀವು ಬೆಳಿಗ್ಗೆ ಅವಸರದಲ್ಲಿ ಎಲ್ಲವನ್ನೂ ಬಿಸಿಬಿಸಿ ಸುತ್ತಿ ಡಬ್ಬಿ ಮುಚ್ಚುತ್ತಿದ್ದೀರಿ ಎಂದು ನನ್ನ ಅಂದಾಜು. ಕೆಲಸವನ್ನು ರಾತ್ರಿಗೆ ತಳ್ಳಿ. ಬೆಳಿಗ್ಗೆ ಸುತ್ತುವುದಷ್ಟೇ ಉಳಿಯಲಿ.

ನಾಲ್ಕು ರ‍್ಯಾಪಿಗೆ ಎಲುಬಿಲ್ಲದ ಎದೆಮಾಂಸ 300 ಗ್ರಾಂ, ಬೇಕನ್ ಎಂಟು ಎಸಳು. ಫ್ರೀಜರಿನ ಬೇಕನನ್ನು ಹಿಂದಿನ ದಿನವೇ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿಡಿ. ಎದೆಮಾಂಸ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಹಾಗೇ ಬೇಯಿಸಿದರೆ ತೆಳುವಿನ ಕಡೆ ಒಣಗಿ ನಾರಾದರೂ ದಪ್ಪದ ಕಡೆ ಹಸಿಯೇ. ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಲಟ್ಟಣಿಗೆಯಿಂದ ಗುದ್ದಿ, ಒಂದು ಸೆಂಟಿಮೀಟರ್ ದಪ್ಪಕ್ಕೆ ತನ್ನಿ. ಮಗನ ಮೇಲಿನ ಸಿಟ್ಟೂ ಅಲ್ಲೇ ಇಳಿಯಲಿ.

ಮೊದಲು ಬೇಕನ್ ಹುರಿದು ಕಾಗದದ ಮೇಲೆ ಹರಡಿ. ನೆಣ ಚೆನ್ನಾಗಿ ಬಸಿಯಬೇಕು. ಉಳಿದರೆ ಫ್ರಿಜ್ಜಿನಲ್ಲಿ ಬೆಳ್ಳಗೆ ಗಟ್ಟಿಯಾಗಿ, ತಿನ್ನುವಾಗ ಅಂಗುಳಿಗೆ ಮೆತ್ತಿಕೊಳ್ಳುತ್ತದೆ. ಕಾವಲಿಯಲ್ಲಿ ಒಂದು ಚಮಚ ನೆಣ ಬಿಟ್ಟು, ಅದರಲ್ಲೇ ಕೋಳಿಯನ್ನು ಒಂದೊಂದು ಬದಿ ಮೂರು–ನಾಲ್ಕು ನಿಮಿಷ ಬೇಯಿಸಿ. ಬೇರೆ ಎಣ್ಣೆ ಬೇಡ. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುಭಾಗ 74 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ಇಲ್ಲದಿದ್ದರೆ ದಪ್ಪದ ಕಡೆ ಕತ್ತರಿಸಿ ನೋಡಿ: ಒಳಗೆ ಗುಲಾಬಿ ಬಣ್ಣ ಇರಬಾರದು, ರಸ ತಿಳಿಯಾಗಿರಬೇಕು. ಇಳಿಸಿದ ಕೂಡಲೇ ಹೆಚ್ಚಬೇಡಿ. ಐದು ನಿಮಿಷ ಬಿಟ್ಟರೆ ರಸ ಮಾಂಸದೊಳಗೇ ಉಳಿಯುತ್ತದೆ, ಇಲ್ಲವಾದರೆ ಅದೂ ಚಪಾತಿಯ ಪಾಲು. ಆರಿದ ಮೇಲೆ ಬೇಕನ್ ಒಂದು ಡಬ್ಬಿ, ಕೋಳಿ ಇನ್ನೊಂದು ಡಬ್ಬಿ, ಎರಡೂ ಫ್ರಿಜ್ಜಿಗೆ. ಬೇಯಿಸಿ ಎರಡು ಗಂಟೆಯೊಳಗೆ ಇದು ಆಗಬೇಕು. ಧಾರಾವಾಹಿ ಆಮೇಲೆ ನೋಡಬಹುದು.

ಹೊದಿಕೆಗೆ ನನ್ನ ಆಯ್ಕೆ ಅರ್ಧ ಗೋಧಿ ಹಿಟ್ಟು, ಅರ್ಧ ಮೈದಾ. ಒಂದು ಚಮಚ ಎಣ್ಣೆ ಸೇರಿಸಿ, ಬಿಸಿನೀರಲ್ಲಿ ಮೆತ್ತಗೆ ಕಲಸಿ, ಅರ್ಧ ಗಂಟೆ ಮುಚ್ಚಿಟ್ಟು, ಊಟದ ತಟ್ಟೆಯಷ್ಟು ಅಗಲ ಲಟ್ಟಿಸಿ. ಕಾವಲಿ ಚೆನ್ನಾಗಿ ಕಾದಿರಲಿ, ಚಪಾತಿ ಅದರ ಮೇಲೆ ತುಂಬ ಹೊತ್ತು ಇರುವುದು ಬೇಡ. ಕಡಕ್ ಆದರೆ ಮಡಿಸುವಾಗ ಬಿರಿಯುತ್ತದೆ. ಇದನ್ನೂ ರಾತ್ರಿಯೇ ಮಾಡಿ ಬಟ್ಟೆಯಲ್ಲಿ ಸುತ್ತಿಟ್ಟು, ಬೆಳಿಗ್ಗೆ ಇಪ್ಪತ್ತು ಸೆಕೆಂಡು ಬಿಸಿ ತೋರಿಸಿದರೆ ಮೆತ್ತಗಾಗುತ್ತದೆ. ಅಂಗಡಿಯ ಟಾರ್ಟಿಯಾಗೂ ಅಷ್ಟೇ ಉಪಚಾರ. ಮಲಬಾರ್ ಪರೋಟ ಪದರ ಬಿಚ್ಚಿಕೊಂಡು ಒಡೆಯುತ್ತದೆ. ನೀರುದೋಸೆಯಲ್ಲಿ ಸುತ್ತಲೇ ಎಂದು ಕೇಳುವವರು ಪ್ರತಿ ತಿಂಗಳೂ ಇದ್ದಾರೆ. ಸುತ್ತಿ, ಆದರೆ ಮೇಜಿನ ಬಳಿ ಕುಳಿತು ತಕ್ಷಣ ತಿನ್ನಿ. ಅದು ಬಸ್ಸಿನಲ್ಲಿ ಹೋಗುವ ಜಾತಿ ಅಲ್ಲ.

ಬೆಳಿಗ್ಗೆ ಚಪಾತಿ ಆರಿದ ಮೇಲೆ ಗಟ್ಟಿ ಮೊಸರು ಸವರಿ. ರಾತ್ರಿ ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲೇ ನೀರಿಳಿಸಿದ ಮೊಸರು, ಅದಕ್ಕೆ ಸ್ವಲ್ಪ ಸಾಸಿವೆ ಪೇಸ್ಟ್. ಮೇಯನೇಸ್ ಬೇಕೇ ಬೇಕೆಂದರೆ ಮೊಟ್ಟೆಯಿಲ್ಲದ್ದು ತನ್ನಿ. ಹಸಿ ಮೊಟ್ಟೆಯ ಮೇಯನೇಸನ್ನು 2023ರ ಜನವರಿಯಲ್ಲಿ ಕೇರಳ ಸರ್ಕಾರವೂ 2025ರ ಏಪ್ರಿಲ್‌ನಲ್ಲಿ ಒಂದು ವರ್ಷದ ಮಟ್ಟಿಗೆ ತಮಿಳುನಾಡೂ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಲೆಟ್ಯೂಸ್ ನಮ್ಮ ಸೆಕೆಗೆ ಬಾಡುತ್ತದೆ, ಕ್ಯಾಬೇಜ್ ಸಣ್ಣಗೆ ಹೆಚ್ಚಿ ಹಾಕಿ. ಸೌತೆಕಾಯಿ ಹಾಕುವುದಾದರೆ ನಡುವಿನ ಬೀಜ, ತಿರುಳು ತೆಗೆಯಿರಿ. ಟೊಮೆಟೊ ಬೇಡ. ಮೊಸರಿನ ಮೇಲೆ ಕ್ಯಾಬೇಜ್, ಅದರ ಮೇಲೆ ಕೋಳಿ, ತುದಿಗೆ ಬೇಕನ್. ತರಕಾರಿಗೆ ತಾಗದೆ ಇದ್ದರೆ ಬೇಕನ್ ಸ್ವಲ್ಪವಾದರೂ ಗರಿ ಉಳಿಸಿಕೊಳ್ಳುತ್ತದೆ. ಎರಡೂ ಬದಿ ಒಳಕ್ಕೆ ಮಡಿಸಿ, ಬಿಗಿಯಾಗಿ ಸುರುಳಿ ಸುತ್ತಿ, ಬಟರ್ ಪೇಪರಿನಲ್ಲಿ ಕಟ್ಟಿ.

ಏಳೂವರೆಗೆ ಕಟ್ಟಿದ ಬುತ್ತಿ ಒಂದು ಗಂಟೆಗೆ ಬಿಚ್ಚುತ್ತದೆ ಅಲ್ಲವೇ? ಬೇಯಿಸಿದ ಮಾಂಸ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ನಮ್ಮ ಏಪ್ರಿಲ್, ಮೇ ತಿಂಗಳು ನಿಮಗೆ ಗೊತ್ತು. ತಂಪು ಹಿಡಿಯುವ ಬುತ್ತಿಚೀಲ, ಒಳಗೆ ಗಟ್ಟಿಯಾಗಿ ಹೆಪ್ಪುಗಟ್ಟಿದ ಐಸ್ ಪ್ಯಾಕ್, ಇವೆರಡೂ ಬೇಕೇಬೇಕು. ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ, ಅದೂ ಬೆವರುತ್ತದೆ. ಇದಾಗದು ಎಂದಾದರೆ ಈ ರ‍್ಯಾಪ್ ಭಾನುವಾರದ ಮಧ್ಯಾಹ್ನಕ್ಕೆ ಇರಲಿ, ಕಾಲೇಜಿಗೆ ಚಿತ್ರಾನ್ನ ಕೊಡಿ.

•

ನಾವಿಬ್ಬರು ರೂಮ್ ಮಾಡಿಕೊಂಡಿದ್ದೇವೆ. ಇರುವುದು ಒಂದು ಇಂಡಕ್ಷನ್ ಒಲೆ, ಒಂದು ಕಾವಲಿ. ಬೇಕನ್ ಹಾಕಿದ ಕೂಡಲೇ ಸುರುಳಿಯಾಗಿ ತುದಿ ಕರಟುತ್ತದೆ, ನಡುವೆ ಹಸಿ.
– ವಿದ್ಯಾರ್ಥಿಗಳು, ಸುರತ್ಕಲ್

ಕಾದ ಕಾವಲಿಗೆ ಹಾಕುತ್ತಿದ್ದೀರಿ ಮಕ್ಕಳೇ. ಮಾಂಸ ತಟ್ಟನೆ ಸೆಟೆಯುತ್ತದೆ, ನೆಣಕ್ಕೆ ಕರಗಲು ಪುರುಸೊತ್ತೇ ಸಿಗುವುದಿಲ್ಲ. ತಣ್ಣಗಿನ ಕಾವಲಿಯಲ್ಲಿ ಎಸಳುಗಳನ್ನು ಒಂದರ ಮೇಲೊಂದು ಬೀಳದಂತೆ ಹಾಸಿ, ಆಮೇಲೆ ಒಲೆ ಹೊತ್ತಿಸಿ. ಸಣ್ಣ ಉರಿಯಲ್ಲಿ ಎಂಟು–ಹತ್ತು ನಿಮಿಷ, ಆಗಾಗ ಮಗುಚುತ್ತಾ ಇರಿ. ಎಣ್ಣೆ ಹಾಕಬೇಡಿ. ಉಳಿದ ನೆಣವನ್ನು ಸಿಂಕಿಗೆ ಸುರಿದರೆ ಪೈಪಿನಲ್ಲಿ ಗಟ್ಟಿಯಾಗಿ ಕಟ್ಟುತ್ತದೆ, ಮನೆಯ ಮಾಲೀಕರು ಬರುತ್ತಾರೆ. ಸ್ಟೀಲ್ ಲೋಟಕ್ಕೆ ಸೋಸಿ ಫ್ರಿಜ್ಜಿನಲ್ಲಿಡಿ, ಮಾರನೆಯ ದಿನ ಅದರಲ್ಲಿ ಮೊಟ್ಟೆ ಹುರಿಯಿರಿ. ಫ್ರಿಜ್ ಇಲ್ಲವಾದರೆ ಒಮ್ಮೆಗೆ ತಿನ್ನುವಷ್ಟೇ ಬೇಕನ್ ತನ್ನಿ, ಮಿಕ್ಕ ನೆಣ ತಣಿದ ಮೇಲೆ ಹಳೇ ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿ.

•

ಅತ್ತೆಯವರು ಮನೆಯೊಳಗೆ ಹಂದಿಮಾಂಸ ತರಲು ಬಿಡುವುದಿಲ್ಲ. ಆ ಹೊಗೆಯ ರುಚಿ ಬೇರೆ ಯಾವುದರಿಂದ ಬರುತ್ತದೆ?
– ಓದುಗರು, ಮಣಿಪಾಲ

ಅತ್ತೆಯವರ ಮನೆ, ಅತ್ತೆಯವರ ಮಾತು. ಕೋಳಿಯ ಬೇಕನ್ ಎಂದು ಪ್ಯಾಕೆಟ್ ಸಿಗುತ್ತದೆ, ಅದರಲ್ಲಿ ನೆಣ ಕಡಿಮೆ, ಚಮಚ ಎಣ್ಣೆ ಬೇಕು. ನನಗೇನೂ ಅದರ ಮೇಲೆ ದೊಡ್ಡ ಪ್ರೀತಿ ಇಲ್ಲ. ಅದಕ್ಕಿಂತ ಬೆಂದ ಕೋಳಿಯ ಪಾತ್ರೆಯ ನಡುವೆ ಒಂದು ಸಣ್ಣ ಬಟ್ಟಲಿಡಿ, ಅದರಲ್ಲಿ ಗೆರಟೆಯ (ತೆಂಗಿನ ಚಿಪ್ಪಿನ) ಕೆಂಡ, ಕೆಂಡದ ಮೇಲೆ ಅರ್ಧ ಚಮಚ ತುಪ್ಪ. ಹೊಗೆ ಎದ್ದ ಕೂಡಲೇ ಮುಚ್ಚಳ ಹಾಕಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಕಿಟಕಿ ತೆರೆದಿರಲಿ. ಕುಂದಾಪುರದ ಘೀ ರೋಸ್ಟ್ ಮಸಾಲೆ ಕೋಳಿಗೆ ಅಂಟುವಷ್ಟು ಗಟ್ಟಿಯಾಗಿದ್ದರೆ ಅದೂ ರ‍್ಯಾಪಿಗೆ ಚೆನ್ನ. ಕೋರಿ ಸುಕ್ಕ ಮಾತ್ರ ಬುತ್ತಿಗೆ ಬೇಡ, ಅದರ ತೆಂಗಿನತುರಿ ಸೆಕೆಗೆ ಬೇಗ ಹಳಸುತ್ತದೆ.

•

ಬೇಕನ್ ತಿಂದರೆ ಕ್ಯಾನ್ಸರ್ ಬರುತ್ತದೆ ಎಂದು ಗಂಡ ಹೆದರಿಸುತ್ತಾರೆ. ನಿಜವೇ?
– ಓದುಗರು, ಬಜಪೆ

ಪೂರ್ತಿ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಬೇಕನ್, ಹ್ಯಾಮ್, ಸಾಸೇಜಿನಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದಿನವೂ 50 ಗ್ರಾಂ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ. 18ರಷ್ಟು ಹೆಚ್ಚು ಎಂಬ ಲೆಕ್ಕವೂ ಅವರದ್ದೇ. ಅದು ದಿನವೂ ತಿನ್ನುವವರ ಮಾತು ಎಂಬುದನ್ನು ಗಂಡನಿಗೆ ಹೇಳಿ. ನಮ್ಮ ಮನೆಯಲ್ಲಿ ಅಪರೂಪಕ್ಕೊಮ್ಮೆ ಮಾಡುತ್ತೇವೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಹೇಗೂ ಇಲ್ಲ. ಬಿ.ಪಿ. ಇರುವವರು ಉಪ್ಪಿನ ಕಾರಣಕ್ಕೇ ದೂರ ಇರುವುದು ಒಳ್ಳೆಯದು. ಕರ‍್ರಗೆ ಕರಟಿದ ತುದಿಗಳನ್ನು ಮುರಿದು ಬಿಸಾಡಿ.

•

ನಿನ್ನೆಯ ದುಕ್ರಾಮಾಸ್ (ಹಂದಿಮಾಂಸದ ಪದಾರ್ಥ) ಉಳಿದಿದೆ. ಬೇಕನ್ ಬದಲು ಅದನ್ನೇ ಸುತ್ತಿ ಆಫೀಸಿಗೆ ಒಯ್ಯಬಹುದೇ?
– ಓದುಗರು, ಬೋಂದೆಲ್

ನಿನ್ನೆಯದ್ದಕ್ಕೆ ಇವತ್ತು ರುಚಿ ಜಾಸ್ತಿ, ಅದು ಸರಿ. ಆದರೆ ತಣ್ಣಗಾದರೆ ನೆಣ ಕಟ್ಟುತ್ತದೆ, ಗ್ರೇವಿ ಚಪಾತಿಯನ್ನು ನೆನೆಸುತ್ತದೆ. ಆಫೀಸಿನಲ್ಲಿ ಫ್ರಿಜ್, ಬಿಸಿ ಮಾಡುವ ಓವನ್ ಎರಡೂ ಇದ್ದರೆ ಮಾಂಸ ಬೇರೆ, ಚಪಾತಿ ಬೇರೆ ಒಯ್ದು, ಮಾಂಸವನ್ನು ಹಬೆಯಾಡುವಷ್ಟು ಬಿಸಿ ಮಾಡಿ ಅಲ್ಲೇ ಸುತ್ತಿಕೊಳ್ಳಿ. ಇಲ್ಲದಿದ್ದರೆ ಸಂಜೆ ಮನೆಗೆ ಬಂದು ಅಕ್ಕಿಯ ಇಡ್ಲಿಯಂಥ ಸನ್ನದ ಜೊತೆ ತಿನ್ನಿ.